ನಾನು ಬರೆಯದೆ ಬಿಟ್ಟ ಒಂದು ಸಾಲು

ವಾರದಲ್ಲಿ ಐದು ದಿನ ನಾನು ಜನರ ಸುಳ್ಳು ಹಿಡಿಯುವ ಕೆಲಸ ಮಾಡುತ್ತೇನೆ. ಬಹರೇನಿನ ರಾಜಧಾನಿ ಮನಾಮಾದ ಡಿಪ್ಲೊಮ್ಯಾಟಿಕ್ ಏರಿಯಾದಲ್ಲಿ, ಒಂದು ವಿಮಾ ಕಂಪನಿಯ ಏಳನೆಯ ಮಹಡಿಯಲ್ಲಿ ನನ್ನ ಮೇಜು. ಅಪಘಾತವಾದವರ, ಆಸ್ಪತ್ರೆ ಸೇರಿದವರ ಕಾಗದಗಳೆಲ್ಲ ಅಲ್ಲಿಗೆ ಬರುತ್ತವೆ. 'ಈ ತೊಂದರೆ ಮೊದಲೇ ಇತ್ತೇ?' ಎಂಬ ಪ್ರಶ್ನೆಯ ಮುಂದೆ 'ಇಲ್ಲ' ಎಂದು ಬರೆದವರಲ್ಲಿ ಯಾರದು ನಿಜ, ಯಾರದು ಬುರುಡೆ ಎಂದು ಪತ್ತೆ ಹಚ್ಚಬೇಕು. ಇಪ್ಪತ್ತು ವರ್ಷ ಇದನ್ನೇ ಮಾಡಿ ನನಗೆ ಪೊಲೀಸರ ಕಣ್ಣು ಬಂದಿದೆ ಎಂದು ನನ್ನ ಗಂಡ ಹೇಳುತ್ತಾರೆ. ನಮ್ಮ ಮನೆಯಿರುವ ಹೂರಾದ ತರಕಾರಿ ಅಂಗಡಿಯವ 'ಇವತ್ತೇ ಬಂದದ್ದು' ಎಂದರೂ ನಾನು ಬೆಂಡೆಕಾಯಿಯ ತುದಿ ಮುರಿದು ನೋಡದೆ ಚೀಲಕ್ಕೆ ಹಾಕುವವಳಲ್ಲ.

ಇಂಥ ನಾನು ಒಂದು ಶುಕ್ರವಾರ ಮಧ್ಯಾಹ್ನ, ಒಬ್ಬ ಡಾಕ್ಟರರ ಮುಖವನ್ನು ನೇರವಾಗಿ ನೋಡುತ್ತ ಸುಳ್ಳು ಹೇಳಿದೆ. ಹನ್ನೊಂದು ವರ್ಷವಾಯಿತು. ಈಗ ಇದನ್ನು ಬರೆಯುವಾಗಲೂ ನನಗೆ ನನ್ನ ಮೇಲೆಯೇ ಸಿಟ್ಟು ಬರುತ್ತಿದೆ.

ಸಿಟ್ಟಿಗೆ ಮೊದಲು ಹಿನ್ನೆಲೆ ಹೇಳಬೇಕು. ನಮ್ಮ ಮನೆಯಿಂದ ಅರ್ಧ ಗಂಟೆ ದೂರದ ಮರುಭೂಮಿಯಲ್ಲಿ ಕಾರ್ ರೇಸಿನ ಟ್ರ್ಯಾಕ್ ಇದೆ. ಇಡೀ ಜಗತ್ತು ಟಿವಿಯಲ್ಲಿ ನೋಡುವ ದೊಡ್ಡ ರೇಸು ವರ್ಷಕ್ಕೊಮ್ಮೆ ನಡೆಯುತ್ತದೆ. ಉಳಿದ ಚಳಿಗಾಲವೆಲ್ಲ ಯಾರೂ ನೋಡದ ಸಣ್ಣ ಸಣ್ಣ ರೇಸುಗಳು. ಅವಕ್ಕೆ ಟ್ರ್ಯಾಕಿನ ಪಕ್ಕದಲ್ಲಿ ಬಾವುಟ ಹಿಡಿದು ನಿಲ್ಲುವವರು, ಕಾರು ಗುದ್ದಿಕೊಂಡರೆ ಓಡಿ ಹೋಗುವವರು ಬೇಕಲ್ಲ? ಅವರನ್ನು ಮಾರ್ಷಲ್ ಎನ್ನುತ್ತಾರೆ. ಸಂಬಳವಿಲ್ಲ. ಒಂದು ಕಿತ್ತಳೆ ಬಣ್ಣದ ಮೇಲಂಗಿ, ಒಂದು ಟೋಪಿ, ಮಧ್ಯಾಹ್ನಕ್ಕೊಂದು ಬಿರಿಯಾನಿ ಪೊಟ್ಟಣ, ಅಷ್ಟೆ. ಬ್ಯಾಂಕಿನ ಗುಮಾಸ್ತರು, ನರ್ಸುಗಳು, ಶಾಲೆಯ ಮೇಷ್ಟ್ರುಗಳು, ಊರಿನ ಬಹರೇನಿ ಹುಡುಗಿಯರು, ನಮ್ಮ ಕರಾವಳಿಯ ಜನ ಎಲ್ಲರೂ ರಜೆಯ ದಿನ ಬಿಸಿಲಿಗೆ ಬಂದು ನಿಲ್ಲುತ್ತಾರೆ. ನನ್ನ ಗಂಡ ಅವಾಲಿಯ ತೈಲ ಕಂಪನಿಯಲ್ಲಿ ಇಂಜಿನಿಯರ್. ಮಾರ್ಷಲ್ ಆಗುವ ಹುಚ್ಚು ಮೊದಲು ಹಿಡಿದದ್ದು ಅವರಿಗೆ. ಒಬ್ಬರೇ ಹೋಗಲು ಬೇಸರವೆಂದು ನನ್ನನ್ನೂ ತರಬೇತಿಗೆ ಎಳೆದುಕೊಂಡು ಹೋದರು. ಎರಡು ವರ್ಷಕ್ಕೆ ಅವರ ಮೊಣಕಾಲು ಕೈಕೊಟ್ಟಿತು, ಅವರು ಬಿಟ್ಟರು. ನಾನು ಬಿಡಲಿಲ್ಲ. ನನಗೆ ಅಲ್ಲಿ ಬಾವುಟ ಬೀಸಿದರೆ ದೊಡ್ಡ ದೊಡ್ಡ ಗಂಡಸರು ತೆಪ್ಪಗೆ ನಿಧಾನ ಮಾಡುವುದು ಬಹಳ ಇಷ್ಟವಾಗಿತ್ತು. ಮನೆಯಲ್ಲಿ ಆ ಸೌಕರ್ಯವಿಲ್ಲ.

ಐದನೆಯ ವರ್ಷ ನನ್ನನ್ನು ಒಂದು ತಿರುವಿನ ಮುಖ್ಯಸ್ಥೆ ಮಾಡಿದರು. ಮುಖ್ಯಸ್ಥೆ ಎಂದರೆ ರೇಡಿಯೋ ಅವಳ ಕೈಯಲ್ಲಿ, ವರದಿ ಬರೆಯುವ ಹಲಗೆಯೂ ಅವಳ ಕೈಯಲ್ಲಿ. ಆ ತಿರುವಿನಲ್ಲಿ ಏನೇ ಆದರೂ ಅವಳು ಕಂಡದ್ದನ್ನು ಕಂಡ ಹಾಗೆ ಬರೆಯಬೇಕು. ಕಾರು ಗುದ್ದಿದರೆ ಚಾಲಕ ತಾನಾಗಿ ಇಳಿದನೋ, ನೆಟ್ಟಗೆ ನಡೆದನೋ, ಕೇಳಿದ್ದಕ್ಕೆ ಸರಿಯಾಗಿ ಉತ್ತರಿಸಿದನೋ ಎಂಬುದಕ್ಕೆ ಮೂರು ಸಾಲು ಇರುತ್ತಿತ್ತು. ಆ ಮೂರು ಸಾಲನ್ನು ನಂಬಿ ಡಾಕ್ಟರು ಮುಂದಿನದನ್ನು ತೀರ್ಮಾನಿಸುತ್ತಾರೆ. ಏಕೆಂದರೆ ಗುದ್ದಿದ ಮೊದಲ ಎರಡು ನಿಮಿಷದಲ್ಲಿ ಚಾಲಕನ ಹತ್ತಿರ ಇರುವವರು ನಾವೇ. ಡಾಕ್ಟರ ಕಾರು ಬರುವಷ್ಟರಲ್ಲಿ ಅವರೆಲ್ಲ ಮುಖ ತೊಳೆದು ತಲೆ ಬಾಚಿದ ಮದುಮಗನ ಹಾಗೆ ಆಗಿಬಿಡುತ್ತಾರೆ.

ಆ ಚಳಿಗಾಲ ಸಣ್ಣ ಫಾರ್ಮುಲಾ ಕಾರುಗಳ ಸರಣಿಯೊಂದು ನಡೆದಿತ್ತು. ಒಬ್ಬನೇ ಕೂರುವ, ತಲೆ ಹೊರಗೆ ಕಾಣುವ ತೆರೆದ ಕಾರುಗಳು. ಅದರಲ್ಲಿ ಒಬ್ಬ ಇಂಗ್ಲೆಂಡಿನವನಿದ್ದ. ಇಪ್ಪತ್ತೊಂದು ವರ್ಷ. ಮುಖದ ತುಂಬ ಕೆಂಪು ಮಚ್ಚೆ, ಬಿಸಿಲಿಗೆ ಮೂಗಿನ ಸಿಪ್ಪೆ ಏಳುತ್ತಿತ್ತು. ಬೇರೆ ಚಾಲಕರು ನಮ್ಮನ್ನು ಕಂಬದ ಹಾಗೆ ನೋಡಿಕೊಂಡು ಹೋದರೆ ಇವನು ಪ್ರತಿ ಬೆಳಿಗ್ಗೆ ಟ್ರ್ಯಾಕಿನ ಸುತ್ತ ನಡೆದು ಬರುವಾಗ ನಮ್ಮ ತಿರುವಿನಲ್ಲಿ ನಿಂತು ಚಹಾ ಕೇಳುತ್ತಿದ್ದ. ನನ್ನ ಫ್ಲಾಸ್ಕಿನ ಶುಂಠಿ ಚಹಾ ಕುಡಿದು ಕಣ್ಣಲ್ಲಿ ನೀರು ತರಿಸಿಕೊಂಡು 'ಇದು ಪೆಟ್ರೋಲಾ?' ಎನ್ನುತ್ತಿದ್ದ. ಎಂಟನೆಯ ವಯಸ್ಸಿನಿಂದ ಗೋ-ಕಾರ್ಟ್ ಓಡಿಸಿದವನು. ಅಪ್ಪ ಇಲ್ಲ, ಅಮ್ಮ ಶಾಲೆಯಲ್ಲಿ ಅಡಿಗೆಯವಳು ಎಂದು ಒಮ್ಮೆ ಹೇಳಿದ. ಅವನ ಇಂಗ್ಲಿಷನ್ನು ನಾನು ನನ್ನ ಕನ್ನಡದಲ್ಲೇ ನೆನಪಿಟ್ಟುಕೊಂಡಿದ್ದೇನೆ, ಹಾಗೇ ಬರೆಯುತ್ತೇನೆ.

ಶುಕ್ರವಾರದ ರೇಸಿನಲ್ಲಿ, ಒಂಬತ್ತನೆಯ ಸುತ್ತಿನಲ್ಲಿ, ಗಾಳಿಗೆ ಟ್ರ್ಯಾಕಿನ ಮೇಲೆ ಬಂದ ಮರಳಿಗೆ ಅವನ ಹಿಂದಿನ ಚಕ್ರ ಜಾರಿತು. ಕಾರು ಹಿಮ್ಮುಖವಾಗಿ ಬಂದು ನಮ್ಮ ಎದುರಿನ ಟೈರಿನ ಗೋಡೆಗೆ ಬಡಿಯಿತು. ಹೊಟ್ಟೆಯೊಳಗೆ ಕೇಳಿಸುವಂಥ ಸದ್ದು ಅದು. ನಾನು ಹಳದಿ ಬಾವುಟ ಹಾಕಿಸಿ, ರೇಡಿಯೋದಲ್ಲಿ ಕೂಗಿ, ಓಡಿದೆ. ಅವನು ತಾನಾಗಿ ಇಳಿದ. ಹೆಲ್ಮೆಟ್ ತೆಗೆದ. ರಕ್ತವಿಲ್ಲ, ಗೀರೂ ಇಲ್ಲ. ನನ್ನ ಮುಖ ನೋಡಿ, 'ಮೊದಲ ಸುತ್ತು ಮುಗಿಯಿತಾ?' ಎಂದು ಕೇಳಿದ.

'ಒಂಬತ್ತನೆಯದು' ಎಂದೆ.

ಅವನು ತಲೆಯಾಡಿಸಿದ. ಆಮೇಲೆ ಗೋಡೆಯ ಹಿಂದೆ ಬರುವುದು ಬಿಟ್ಟು, ಕಾರುಗಳು ಬರುತ್ತಿದ್ದ ಟ್ರ್ಯಾಕಿನ ಕಡೆಗೇ ನಡೆಯತೊಡಗಿದ. ನಾನು ಅವನ ತೋಳು ಹಿಡಿದು ಎಳೆದು ಗೋಡೆಯ ಈಚೆಗೆ ತಂದು ಕೂರಿಸಿದೆ. ನನ್ನ ತಂಡದ ಉಳಿದಿಬ್ಬರು ಆಗ ಕಾರಿನ ಹತ್ತಿರ ಬೆಂಕಿಯಾರಿಸುವ ಡಬ್ಬ ಹಿಡಿದು ನಿಂತಿದ್ದರು. ನೋಡಿದ್ದು ನಾನೊಬ್ಬಳೇ. ಒಂದು ನಿಮಿಷ ಕಳೆದಿರಬೇಕು. ಅವನ ಕಣ್ಣು ಸರಿಹೋಯಿತು. ನನ್ನ ಕೈಯಲ್ಲಿದ್ದ ಹಲಗೆ ಕಂಡಿತು. ಕಂಡದ್ದೇ ಅವನ ಮುಖ ಬಿಳುಚಿತು.

'ಬರೀಬೇಡಿ' ಎಂದ. 'ನಾಳೆ ಯೂರೋಪಿನಿಂದ ಒಂದು ತಂಡದವರು ನನ್ನನ್ನು ನೋಡೋದಕ್ಕೇ ಬರ್ತಿದ್ದಾರೆ. ತಲೆ ಅಂತ ಒಂದು ಅಕ್ಷರ ಬಿದ್ದರೂ ನಾಳೆ ಓಡಿಸೋ ಹಾಗಿಲ್ಲ, ಅನ್‌ಫಿಟ್ ಅಂತಾರೆ. ದಯವಿಟ್ಟು. ನಾನು ಸರಿ ಇದ್ದೇನೆ, ನೋಡಿ.'

ಅನ್‌ಫಿಟ್. ಆ ಪದವೊಂದನ್ನು ಅವನು ಆಡದಿದ್ದರೆ ನಾನು ಬರೆದೇ ಬಿಡುತ್ತಿದ್ದೆನೋ ಏನೋ.

ಗಲ್ಫಿಗೆ ಬಂದ ನಮ್ಮ ಜನರಿಗೆ ಈ ಪದದ ಅರ್ಥ ಬೇರೆಯವರಿಗೆ ಆಗುವ ಹಾಗೆ ಆಗುವುದಿಲ್ಲ. ವೀಸಾಕ್ಕೆ ಮುಂಚೆ ರಕ್ತ ಕೊಟ್ಟು, ಎದೆಯ ಎಕ್ಸ್‌ರೇ ತೆಗೆಸಿಕೊಂಡು, ಸಾಲಿನಲ್ಲಿ ಕೂತು, ಬಾಗಿಲಾಚೆ ಯಾರೋ ಹಾಕುವ ಒಂದು ಮುದ್ರೆಗಾಗಿ ಕಾಯುತ್ತೇವೆ. ಫಿಟ್ ಎಂದರೆ ಬದುಕು ಮುಂದಕ್ಕೆ ಹೋಗುತ್ತದೆ. ಅನ್‌ಫಿಟ್ ಎಂದರೆ ಖಲ್ಲಾಸ್, ಮುಗಿಯಿತು. ಮರುಪರೀಕ್ಷೆ, ಮನವಿ ಎಂಬ ಮಾತುಗಳು ಕಾಗದದಲ್ಲಿ ಇರಬಹುದು, ನಾವು ಅವನ್ನು ನಂಬಿದವರಲ್ಲ. ನನ್ನ ಅಣ್ಣ ನನಗಿಂತ ಮೊದಲೇ ಇಲ್ಲಿಗೆ ಬಂದವನು. ಇಲ್ಲಿನ ಚಿನ್ನದ ಪೇಟೆ ಗೋಲ್ಡ್ ಸೂಕಿನ ಒಂದು ಅಂಗಡಿಯಲ್ಲಿ ಲೆಕ್ಕ ನೋಡಿಕೊಳ್ಳುತ್ತಿದ್ದ. ವೀಸಾ ನವೀಕರಿಸುವಾಗ ಎಕ್ಸ್‌ರೇಯಲ್ಲಿ ಶ್ವಾಸಕೋಶದ ಮೇಲೆ ಒಂದು ಕಲೆ ಕಂಡಿತು. ಚಿಕ್ಕಂದಿನಲ್ಲಿ ಬಂದು ವಾಸಿಯಾಗಿದ್ದ ಕಾಯಿಲೆಯ ಗುರುತು ಅದು. ವಾರದೊಳಗೆ ಮಂಗಳೂರಿನ ವಿಮಾನ ಹತ್ತಿಸಿದರು. ಅವನು ಮದುವೆಯಾಗಲಿಲ್ಲ. ಹುಡುಗಿಯ ಕಡೆಯವರಿಗೆ ಆ ಪದ ತಲುಪಿತ್ತು. ಅವನು ಸತ್ತು ಆರು ವರ್ಷವಾಯಿತು, ಹೃದಯದ ತೊಂದರೆಯಿಂದ. ಶ್ವಾಸಕೋಶಕ್ಕೆ ಕೊನೆಯವರೆಗೂ ಏನೂ ಆಗಿರಲಿಲ್ಲ. ನಮ್ಮ ಅಮ್ಮ ಆ ಪದವನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ, 'ಅದು ಬರೆದರಲ್ಲ, ಆಮೇಲೆ' ಎನ್ನುತ್ತಿದ್ದಳು.

ಡಾಕ್ಟರ ಕಾರು ಬಂತು. ಡಾಕ್ಟರು ಅವನ ಕಣ್ಣಿಗೆ ದೀಪ ಹಿಡಿದು ನೋಡಿದರು, ಬೆರಳು ತೋರಿಸಿ ಎಣಿಸಿದರು, ದಿನ ಯಾವುದು ಎಂದು ಕೇಳಿದರು. ಅವನು ಎಲ್ಲದಕ್ಕೂ ಪಟಪಟ ಉತ್ತರಿಸಿದ. ಆಮೇಲೆ ಅವರು ನನ್ನ ಕಡೆ ತಿರುಗಿ, 'ಇಳಿದಾಗ ಏನಾದರೂ ಗೊಂದಲ ಇತ್ತೇ?' ಎಂದರು.

'ಇಲ್ಲ' ಎಂದೆ.

ಹಲಗೆಯ ಮೇಲೆ ಬರೆದೆ: ತಾನಾಗಿ ಇಳಿದ. ನೆಟ್ಟಗೆ ನಡೆದ. ಸ್ಪಷ್ಟವಾಗಿ ಮಾತಾಡಿದ. ಸಹಿ ಹಾಕಿದೆ. ಕೈ ನಡುಗಲಿಲ್ಲ. ಪುಣ್ಯದ ಕೆಲಸ ಮಾಡುವಾಗ ಯಾರ ಕೈ ತಾನೆ ನಡುಗುತ್ತದೆ?

ಮರುದಿನ ಅವನು ಎರಡನೆಯ ಸ್ಥಾನ ಗೆದ್ದ. ಯೂರೋಪಿನವರು ಅವನ ಕೈಕುಲುಕಿದರು. ಅವನು ಓಡಿ ಬಂದು ನನ್ನನ್ನು ಎಲ್ಲರೆದುರು ಎತ್ತಿ ಒಂದು ಸುತ್ತು ತಿರುಗಿಸಿದ. ಮನೆಗೆ ಬಂದು ನಾನು ಗಂಡನಿಗೆ ಎಲ್ಲ ಹೇಳಿದೆ, ಮೆಚ್ಚಿಕೊಳ್ಳುತ್ತಾರೆಂದು.

ಅವರು ಚಪಾತಿ ಮುರಿಯುತ್ತಿದ್ದವರು ಕೈ ನಿಲ್ಲಿಸಿದರು. 'ನಿಂಗೆ ಮಂಡೆ ಸರಿ ಉಂಟಾ ಮಾರಾಯ್ತಿ? ಆಫೀಸಲ್ಲಿ ಯಾರಾದ್ರೂ ಹೀಗೆ ಮುಚ್ಚಿಟ್ರೆ ನೀನು ಬಿಡ್ತಿದ್ಯಾ? ಆ ಹುಡುಗನ ತಲೆಗೆ ಎಂತಾದ್ರೂ ಆದ್ರೆ?'

'ಎಂತ ಆಗ್ಲಿಕ್ಕುಂಟು? ಇವತ್ತು ಗೆದ್ದಿದ್ದಾನೆ. ನಿಮಗೆ ಅಣ್ಣನ ಕಥೆ ಮರ್ತು ಹೋಯ್ತಾ?'

'ಅಣ್ಣನದ್ದು ಬೇರೆ, ಇದು ಬೇರೆ.'

'ನಿಮಗೆ ಎಲ್ಲವೂ ಬೇರೆಯೇ' ಎಂದು ನಾನು ತಟ್ಟೆ ಎತ್ತಿಕೊಂಡು ಹೋದೆ. ಎರಡು ದಿನ ಮಾತಾಡಲಿಲ್ಲ. ಅವರು ಹೇಳಿದ್ದು ಸರಿ ಎಂದು ಅನಿಸಿದಾಗಲೇ ನಾನು ಹೆಚ್ಚು ಹೊತ್ತು ಮಾತು ಬಿಡುವುದು.

ಅಂದಿನಿಂದ ನಾನು ಅವನ ವೃತ್ತಿಯನ್ನು ದೂರದಿಂದ ಓದುತ್ತ ಬಂದೆ. ಬೆಳಿಗ್ಗೆ ಆಫೀಸಿಗೆ ಹೋಗಿ ಕಂಪ್ಯೂಟರ್ ತೆರೆದ ಕೂಡಲೇ ಅವನ ಹೆಸರು ಹಾಕಿ ಹುಡುಕುವುದು ನನ್ನ ಅಭ್ಯಾಸವಾಯಿತು. ಯೂರೋಪಿನ ದೊಡ್ಡ ಫಾರ್ಮುಲಾ ಸರಣಿಗೆ ಸೇರಿದ. ನಾಲ್ಕು ರೇಸು ಚೆನ್ನಾಗಿ ಓಡಿಸಿದ. ಎರಡು ತಿಂಗಳೊಳಗೇ ಒಂದು ಸಣ್ಣ ಅಪಘಾತ, ಒಂದು ರೇಸು ತಪ್ಪಿಸಿದ, ಮತ್ತೆ ಬಂದ. ಆಮೇಲೆ ಇದ್ದಕ್ಕಿದ್ದಂತೆ ಕಡೆಕಡೆಯವನಾಗತೊಡಗಿದ. ಆ ವರ್ಷದ ಸರಣಿ ಮುಗಿಯುವ ಮೊದಲೇ 'ವೈಯಕ್ತಿಕ ಕಾರಣ'ದಿಂದ ಬಿಟ್ಟ. ಮರುವರ್ಷ ಇಂಗ್ಲೆಂಡಿನ ಟೂರಿಂಗ್ ಕಾರುಗಳಲ್ಲಿ ಕಂಡ. ನಾವು ಬಜಾರಿಗೆ ಓಡಿಸುವ ಕಾರಿನ ಅಣ್ಣತಮ್ಮಂದಿರಂಥ ಕಾರುಗಳು ಅವು, ಒಂದಕ್ಕೊಂದು ಪಕ್ಕೆ ತಿವಿದುಕೊಂಡು ಓಡುತ್ತವೆ. ಅಲ್ಲಿ ಎರಡು ರೇಸು ಗೆದ್ದ. ಆಮೇಲೆ ಅದನ್ನೂ ಬಿಟ್ಟು ಜಿಟಿ ಎನ್ನುವ ದುಬಾರಿ ಕ್ರೀಡಾ ಕಾರುಗಳಿಗೆ ಹೋದ. ಅಲ್ಲಿಂದ ಮೂವರು ಚಾಲಕರು ಸರದಿಯಲ್ಲಿ ಒಂದೇ ಕಾರನ್ನು ಗಂಟೆಗಟ್ಟಲೆ ಓಡಿಸುವ ದೀರ್ಘ ರೇಸುಗಳಿಗೆ. ಪ್ರತಿ ಸಲ ಕಾರು ಬದಲಾದಾಗಲೂ ಪತ್ರಿಕೆಯವರು 'ಹೊಸ ಸವಾಲು' ಎಂದು ಬರೆದರು. ಯಾವ ಕಾರಿಗೆ ಹತ್ತಿಸಿದರೂ ಓಡಿಸಬಲ್ಲ ಸರ್ವವಿದ್ಯಾ ಪಾರಂಗತ ಎಂದು ಹೊಗಳಿದರು. ನಾನೂ ನಂಬಿದೆ. ನಂಬಲು ಬಹಳ ಹಿತವಾಗಿತ್ತು.

ಜಿಟಿ ಕಾರಿನ ವರ್ಷ ಅವನು ಬಹರೇನಿಗೆ ಬಂದ. ನನ್ನ ಡ್ಯೂಟಿ ಮುಗಿಸಿ ಗ್ಯಾರೇಜಿನ ಹಿಂದೆ ಹೋಗಿ ನೋಡಿದರೆ ತಂಡದ ಲಾರಿಯ ನೆರಳಲ್ಲಿ, ನೆಲದ ಮೇಲೆ ಕೂತಿದ್ದ. ಕಪ್ಪು ಕನ್ನಡಕ, ತಲೆಯ ಮೇಲೆ ಒದ್ದೆ ಟವೆಲ್. ಜನರೇಟರಿನ ಸದ್ದು ನಿಂತ ಮೇಲೆಯೇ ಮಾತಾಡಿದ. 'ವಿಮಾನದ ಆಯಾಸ' ಎಂದ. ನಾನು ಚಹಾ ಸುರಿದು ಕೊಟ್ಟೆ. ಲೋಟವನ್ನು ಹಿಡಿಯಲು ಕೈ ಚಾಚಿದಾಗ ಒಂದು ಇಂಚು ಪಕ್ಕದ ಗಾಳಿಯನ್ನು ಹಿಡಿದ. ಆಮೇಲೆ ನಕ್ಕು, ಸರಿಯಾಗಿ ಹಿಡಿದುಕೊಂಡ. ನನ್ನ ಮೇಜಿಗೆ ಇಂಥ ವಿವರ ಬಂದಿದ್ದರೆ ನಾನು ಕೆಂಪು ಪೆನ್ನಿನಿಂದ ಅಡಿಗೆರೆ ಎಳೆಯುತ್ತಿದ್ದೆ. ಅಲ್ಲಿ ನಾನೂ ನಕ್ಕೆ.

ಕಳೆದ ವರ್ಷ ಅವನು ಇಲ್ಲಿಗೇ ಬಂದು ನೆಲೆಸಿದ. ಟ್ರ್ಯಾಕಿನಲ್ಲಿ ದುಡ್ಡಿದ್ದವರಿಗೆ ತಮ್ಮ ಕಾರನ್ನು ವೇಗವಾಗಿ ಓಡಿಸುವುದು ಹೇಗೆಂದು ಕಲಿಸುವ ಕೆಲಸ. ಅವಾಲಿಯಲ್ಲಿ ಮರಗಳ ಬೀದಿಯ ಒಂದು ಪುಟ್ಟ ಮನೆ. ಮೂವತ್ತೊಂದಕ್ಕೇ ಕಿವಿಯ ಮೇಲೆ ನರೆ ಬಂದಿತ್ತು. ನನ್ನ ಗಂಡನ ಆಫೀಸಿನ ಹತ್ತಿರವೇ ಇದ್ದುದರಿಂದ ಒಂದು ಶನಿವಾರ ನಾವಿಬ್ಬರೂ ಊಟ ಕಟ್ಟಿಕೊಂಡು ಹೋದೆವು. ಹೆಂಡತಿ ಇರಲಿಲ್ಲ, ಮದುವೆ ಎರಡು ವರ್ಷಕ್ಕೆ ಮುರಿದಿತ್ತು. 'ನಾನು ಮನೆಯಲ್ಲಿ ಕತ್ತಲೆ ಮಾಡಿಕೊಂಡು ಕೂರ್ತೇನೆ ಅಂತ ಬಿಟ್ಟು ಹೋದಳು' ಎಂದು ಹಗುರವಾಗಿ ಹೇಳಿದ. ಹೊರಗೆ ಉರಿಬಿಸಿಲು. ಒಳಗೆ ಎಲ್ಲ ಕಿಟಕಿಗೂ ದಪ್ಪ ಪರದೆ ಎಳೆದಿತ್ತು.

ಊಟವಾದ ಮೇಲೆ ಅವನು ನನ್ನ ಕಡೆ ಗ್ಲಾಸು ಎತ್ತಿ ನನ್ನ ಗಂಡನಿಗೆ ಹೇಳಿದ: 'ನಿಮ್ಮ ಹೆಂಡತಿ ನನ್ನನ್ನು ಒಂದಲ್ಲ, ಎರಡು ಸಲ ಉಳಿಸಿದರು. ಯೂರೋಪಿನಲ್ಲಿ ಗುದ್ದಿದ್ದು ಇಲ್ಲಿ ಗುದ್ದಿದ ಏಳನೆಯ ವಾರ. ಅಲ್ಲಿನ ಡಾಕ್ಟರಿಗೆ ಅನುಮಾನ ಬಂತು. ಮೊದಲು ತಲೆಗೆ ಏನಾದರೂ ಆಗಿತ್ತಾ ಅಂತ ಕೇಳಿದರು. ನಾನು ಇಲ್ಲ ಅಂದೆ. ಅವರು ನಂಬದೆ ಇಲ್ಲಿಂದ ದಾಖಲೆ ತರಿಸಿದರು. ನಿಮ್ಮ ಹೆಂಡತಿ ಬರೆದದ್ದಿತ್ತಲ್ಲ, ಸ್ಪಷ್ಟವಾಗಿ ಮಾತಾಡಿದ ಅಂತ? ಅದನ್ನು ನೋಡಿ ಎರಡೇ ವಾರಕ್ಕೆ ಬಿಟ್ಟರು.'

ನನ್ನ ಗಂಡ ನನ್ನ ಮುಖ ನೋಡಲಿಲ್ಲ. ಅದು ಅವರ ದೊಡ್ಡತನ. ನಾನು ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸತೊಡಗಿದೆ. ಒಂದೊಂದಾಗಿ ಎಲ್ಲ ಅರ್ಥವಾಗುತ್ತ ಹೋಯಿತು. ತೆರೆದ ಕಾರಿನಲ್ಲಿ ತಲೆ ಅಲುಗುತ್ತದೆ, ಅದಕ್ಕೇ ಅದನ್ನು ಬಿಟ್ಟ. ಟೂರಿಂಗ್ ಕಾರಿಗೆ ಮೇಲ್ಛಾವಣಿಯಿತ್ತು, ಬಿಸಿಲು ಕಣ್ಣಿಗೆ ಬೀಳದು. ಪಕ್ಕೆಗೆ ಗುದ್ದಿಸಿಕೊಂಡು ಗುದ್ದಿಸಿಕೊಂಡು ಅದೂ ಆಗದಾಯಿತು. ದೀರ್ಘ ರೇಸಿನಲ್ಲಿ ಮೂವರು ಹಂಚಿಕೊಳ್ಳುವುದರಿಂದ ಕಡಿಮೆ ಹೊತ್ತು ಓಡಿಸಿದರೆ ಸಾಕು. ಸರ್ವವಿದ್ಯಾ ಪಾರಂಗತನಂತೆ! ಒಂದು ಮನೆಯಿಂದ ಇನ್ನೊಂದಕ್ಕೆ ನೆರಳು ಹುಡುಕಿಕೊಂಡು ಹೋಗುವ ಬಾಡಿಗೆದಾರನ ಹಾಗೆ ಅವನು ಹತ್ತು ವರ್ಷ ಕಾರು ಬದಲಿಸಿದ್ದ.

ವಾಪಸು ಬರುವಾಗ ನಾನು ಕಾರಿನಲ್ಲಿ ಅತ್ತೆ. ಗಂಡ, 'ನಾನು ಅವತ್ತೇ ಹೇಳಿದ್ದೆ' ಎಂಬ ಮಾತನ್ನು ಆಡಲಿಲ್ಲ. ಆಡಿದ್ದರೆ ಜಗಳವಾಡಿ ಸ್ವಲ್ಪ ಹಗುರವಾಗುತ್ತಿದ್ದೆ.

ವಿಷಯ ಅಲ್ಲಿಗೆ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಈ ಚಳಿಗಾಲ ಅವನು ನಮ್ಮ ಫ್ಲಾಟಿಗೆ ಬಂದ. ಹೂರಾದ ನಮ್ಮ ಬೀದಿಯಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಗದೆ ಮೂರು ಬೀದಿ ಆಚೆ ನಿಲ್ಲಿಸಿ, ಹಾರ್ನುಗಳ ನಡುವೆ ಕಿವಿ ಮುಚ್ಚಿಕೊಂಡು ನಡೆದು ಬಂದಿದ್ದ. ಆದರೂ ಮುಖದಲ್ಲಿ ಹನ್ನೊಂದು ವರ್ಷದ ಹಿಂದಿನ ಗೆಲುವಿತ್ತು. ಒಂದು ತಂಡ ಅವನನ್ನು ಮತ್ತೆ ಕರೆದಿತ್ತು. ಇಲ್ಲಿಯದೇ ಟ್ರ್ಯಾಕಿನಲ್ಲಿ ದೀರ್ಘ ರೇಸು. ಅತಿ ವೇಗದ ವರ್ಗದ ಕಾರು. ರೇಸಿನ ಲೈಸೆನ್ಸು ನವೀಕರಿಸಲು ಡಾಕ್ಟರು ಹಳೆಯ ಗಾಯಗಳ ವಿವರ ಕೇಳಿದ್ದರು.

'ಒಂದು ಕಾಗದ ಬೇಕು' ಎಂದ. 'ಅವತ್ತು ನೀವು ಕಣ್ಣಾರೆ ಕಂಡಿರಿ, ನನಗೆ ಏನೂ ಆಗಿರಲಿಲ್ಲ ಅಂತ. ನಿಮ್ಮ ಸಹಿಗೆ ಅಲ್ಲಿ ಬೆಲೆ ಇದೆ. ಇದು ಕೊನೆಯದು. ಒಂದೇ ಒಂದು ಸಲ ನಾನು ನಾನಾಗಿದ್ದೆ ಅಂತ ಅನಿಸಿಕೊಂಡು ಬಿಟ್ಟುಬಿಡ್ತೇನೆ.'

ಮತ್ತೊಂದು ಪೆಟ್ಟು ಬಿದ್ದರೆ ಏನಾಗಬಹುದೆಂದು ನನಗೆ ಗೊತ್ತಿತ್ತು. ನನ್ನ ಮೇಜಿನ ಮೇಲೆ ಅಂಥ ಕಾಗದಗಳು ಬಂದಿವೆ. ಉತ್ತರದ ಬದಲು ಅವನಿಗೆ ಉಪ್ಪಿಟ್ಟು ಕೊಟ್ಟೆ. ಹೆದರಿದಾಗ ನಾನು ಜನರಿಗೆ ತಿಂಡಿ ಕೊಡುತ್ತೇನೆ.

ಎರಡು ದಿನ ಒಳಗೇ ಕುದಿದೆ. ಮೂರನೆಯ ದಿನ ಆಫೀಸಿಗೆ ಅರ್ಧ ದಿನ ರಜೆ ಹಾಕಿ ಟ್ರ್ಯಾಕಿಗೆ ಹೋದೆ. ಅಂದಿನ ಡಾಕ್ಟರರೇ ಈಗಲೂ ಇದ್ದರು. ಬಹರೇನಿನವರು, ನಿವೃತ್ತಿಗೆ ಹತ್ತಿರ ಬಂದವರು. ಕುರ್ಚಿ ತೋರಿಸಿದರು, ಕೂರಲಿಲ್ಲ. ನಿಂತೇ ಹೇಳಿದೆ. ಹನ್ನೊಂದು ವರ್ಷದ ಹಿಂದೆ ನೀವು ಕೇಳಿದ್ದಿರಿ, ಗೊಂದಲವಿತ್ತೇ ಎಂದು. ನಾನು ಇಲ್ಲವೆಂದೆ. ಇತ್ತು. ಅವನಿಗೆ ಯಾವ ಸುತ್ತು ಎಂದು ಗೊತ್ತಿರಲಿಲ್ಲ. ಓಡುವ ಕಾರುಗಳ ಕಡೆಗೆ ನಡೆದ. ನಾನು ತೋಳು ಹಿಡಿದು ಎಳೆದೆ. ಬರೆಯಲಿಲ್ಲ.

ಅವರು ಬೈಯಲಿಲ್ಲ. ಕನ್ನಡಕ ತೆಗೆದು ಒರೆಸುತ್ತ ಹಿಂದಿಯಲ್ಲಿ ಕೇಳಿದರು: 'ಕ್ಯೂಂ, ಸಿಸ್ಟರ್?'

'ಅನ್‌ಫಿಟ್ ಎಂದು ಬರೆದು ಊರಿಗೆ ಕಳಿಸುತ್ತಾರೆಂದು.'

'ನಾನು ಬರೆಯುತ್ತಿದ್ದದ್ದು ಅದನ್ನೇ' ಎಂದರು. 'ಕೆಲವು ವಾರಕ್ಕೆ. ಮನೆಗೆ ಹೋಗಿ ಮಲಗು, ಓದಬೇಡ, ಟಿವಿ, ಫೋನು ನೋಡಬೇಡ, ತಲೆನೋವು ಪೂರ್ತಿ ಹೋದ ಮೇಲೆ ಬಾ ಅಂತ. ಮಲಗಿದ್ದರೆ ಅವನು ಹೆಚ್ಚುಕಮ್ಮಿ ಪೂರ್ತಿ ವಾಸಿಯಾಗುತ್ತಿದ್ದ. ಒಂದು ಪೆಟ್ಟು ಆರುವ ಮೊದಲು ಇನ್ನೊಂದು ಬಿತ್ತಲ್ಲ, ಕೆಡಿಸಿದ್ದು ಅದು.'

ಕೆಲವು ವಾರ. ಆ ನಿಯಮ ನಮ್ಮ ತರಬೇತಿಯ ಪುಸ್ತಕದಲ್ಲೇ ಇತ್ತು. ನಾನು ಓದಿದ್ದೆ, ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೆ. ಆದರೂ ಅವನ ಬಾಯಿಂದ ಆ ಪದ ಬಿದ್ದ ಗಳಿಗೆಯಲ್ಲಿ ನನಗೆ ಕೇಳಿಸಿದ್ದು ನಮ್ಮವರ ಅನ್‌ಫಿಟ್. ನಮಗೆ ಅದು ಜನ್ಮಕ್ಕೆ ಒಂದೇ ಸಲ ಬೀಳುವ ಮುದ್ರೆ. ಅವನಿಗೆ ಅದು ಬರೀ ಒಂದು ರಜೆಯ ಚೀಟಿ. ಆ ರಜೆಯನ್ನು ನಾನು ಕಿತ್ತುಕೊಂಡೆ.

ಡಾಕ್ಟರು ಹೊಸ ಕಾಗದ ತೆಗೆದರು. ನಾನು ಕೂತು ಎಲ್ಲವನ್ನೂ ಬರೆದೆ. ಈ ಸಲ ಎರಡು ಕಡೆ ಹೊಡೆದುಹಾಕಿ ಬರೆಯಬೇಕಾಯಿತು. ಇನ್ನು ಅವನಿಗೆ ಎಂದೂ ಲೈಸೆನ್ಸು ಸಿಗುವುದಿಲ್ಲ ಎಂದು ಅವರು ಮೆಲ್ಲಗೆ ಹೇಳಿದರು.

ಅವನಿಗೆ ಬೇರೆಯವರಿಂದ ತಿಳಿಯುವುದು ಬೇಡವೆಂದು ನಾನೇ ಹುಡುಕಿಕೊಂಡು ಹೋದೆ. ಪಾಠ ಮುಗಿಸಿ ಪಾರ್ಕಿಂಗಿನ ಚಪ್ಪರದ ಕೆಳಗೆ ನಿಂತಿದ್ದ. ನೇರವಾಗಿ ಹೇಳಿದೆ. ಅವನು ಕೂಗಾಡುತ್ತಾನೆಂದುಕೊಂಡಿದ್ದೆ. ಅವನು ಕಪ್ಪು ಕನ್ನಡಕ ಸರಿಮಾಡಿಕೊಂಡ. ಆಮೇಲೆ ಕೇಳಿದ:

'ಅವತ್ತು ಯಾಕೆ ಹೇಳಲಿಲ್ಲ?'

'ನಿನ್ನನ್ನು ಮನೆಗೆ ಕಳಿಸ್ತಾರೆ ಅಂತ ಹೆದರಿದೆ.'

'ಮನೆಗೆ?' ಅವನಿಗೆ ನಿಜವಾಗಿ ಅರ್ಥವಾಗಲಿಲ್ಲ. 'ಮನೆಗೆ ಕಳಿಸಿದರೆ ಏನಾಗ್ತಿತ್ತು? ಅಮ್ಮ ಇದ್ದಳು. ನನ್ನ ಕೋಣೆ ಇತ್ತು. ಮಲಗಿರ್ತಿದ್ದೆ.'

'ನೀನೇ ಬರೀಬೇಡಿ ಅಂತ ಬೇಡಿಕೊಂಡೆ' ಎಂದೆ. ಅಂದ ಮೇಲೆ ನಾಚಿಕೆಯಾಯಿತು.

'ಹೌದು, ಬೇಡಿಕೊಂಡೆ' ಎಂದ. 'ಇಪ್ಪತ್ತೊಂದು ವರ್ಷ ನನಗೆ, ತಲೆಗೆ ಪೆಟ್ಟು ಬಿದ್ದಿತ್ತು. ಬೇಡಿಕೊಳ್ಳದೆ ಇನ್ನೇನು ಮಾಡ್ತಿದ್ದೆ? ಆಗಲ್ಲ ಅನ್ನೋದಕ್ಕೆ ತಾನೆ ನಿಮ್ಮನ್ನು ಅಲ್ಲಿ ನಿಲ್ಲಿಸಿದ್ದು?'

ಕ್ಷಮಿಸು ಎಂದೆ, ಅಂಥ ಕಡೆ ಆ ಪದ ಎಷ್ಟು ಚಿಕ್ಕದು ಎಂದು ತಿಳಿದೂ ಎಂದೆ.

ನಾಲ್ಕು ಗಂಟೆಯ ಬಿಸಿಲು ಚಪ್ಪರದ ಅಂಚು ದಾಟಿ ಅವನ ಮುಖಕ್ಕೆ ಬಂತು. ಅವನು ಕಣ್ಣಿಗೆ ಕೈ ಅಡ್ಡ ಹಿಡಿದು ಕಂಬಕ್ಕೆ ಒರಗಿದ. ತನ್ನ ಕಾರಿನ ಕೀಲಿಯನ್ನು ಜೇಬಿಗೆ ಹಾಕಿಕೊಂಡ. 'ಈ ಹೊತ್ತಿನಲ್ಲಿ ನನಗೆ ರಸ್ತೆ ಎರಡಾಗಿ ಕಾಣ್ತದೆ' ಎಂದ. 'ಮನೆಗೆ ಬಿಡ್ತೀರಾ?'

ಅವಾಲಿಗೆ ಅಲ್ಲಿಂದ ಹತ್ತೇ ನಿಮಿಷ. ನನ್ನ ಹಳೆಯ ಕಾರಿನ ಪಕ್ಕದ ಸೀಟಿನಲ್ಲಿ ಕೂತು ಬೆಲ್ಟು ಹಾಕಿಕೊಂಡ. ದೊಡ್ಡ ರಸ್ತೆಗೆ ಬಂದಾಗ ಲಾರಿಗಳು, ಬಸ್ಸುಗಳು ನಮ್ಮನ್ನು ಹಾರ್ನು ಹಾಕಿ ದಾಟಿ ಹೋಗುತ್ತಿದ್ದವು. ಅವನು ಒಂದು ಕೈಯಿಂದ ಬಾಗಿಲಿನ ಹಿಡಿ ಹಿಡಿದುಕೊಂಡು, ಇನ್ನೊಂದರಿಂದ ಹಣೆ ಒತ್ತಿಕೊಂಡು ಕಣ್ಣು ಮುಚ್ಚಿದ.

'ಸ್ವಲ್ಪ ನಿಧಾನ' ಎಂದ.

ನಾನು ಅರವತ್ತರಲ್ಲಿ ಹೋಗುತ್ತಿದ್ದೆ. ನಲವತ್ತಕ್ಕೆ ಇಳಿಸಿದೆ.